ಕ್ವಾಂಟಂ ಕಂಪ್ಯೂಟರ್ ನಾಳೆಯೇ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಒಡೆಯುತ್ತದೆಯೇ?

‘ಬೆಂಗಳೂರಿಗೆ ಕ್ವಾಂಟಂ ಕಂಪ್ಯೂಟರ್ ಬಂದಿದೆ, ಇನ್ನು ಯಾರ ಬ್ಯಾಂಕ್ ಖಾತೆಯೂ ಸುರಕ್ಷಿತವಲ್ಲ’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿದೆಯೇ? ಮುಂದಕ್ಕೆ ಕಳಿಸುವ ಮುನ್ನ ಇದನ್ನು ಓದಿ.

ನಿಜ ಎಷ್ಟು?

ಯಂತ್ರ ಇರುವುದು ನಿಜ. ಬೆಂಗಳೂರಿನ ಕ್ಯೂಪೈಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ ‘ಇಂಡಸ್’ ಅನ್ನು ಪರಿಚಯಿಸಿತು. ಆದರೆ ಕ್ಯೂಬಿಟ್‌ಗಳು ಬಹಳ ನಾಜೂಕು. ತುಸು ಶಾಖ ತಾಗಿದರೂ ಲೆಕ್ಕ ಕೆಡುತ್ತದೆ. ಇದಕ್ಕೆ ‘ನಾಯ್ಸ್’ ಎನ್ನುತ್ತಾರೆ.

ತಪ್ಪು ಬೆಳೆಯುವುದು ಹೇಗೆ?

ಕ್ವಾಂಟಂ ಲೆಕ್ಕದ ಒಂದೊಂದು ಹೆಜ್ಜೆಯೂ ಒಂದು ಗೇಟ್. ಗೇಟ್‌ಗಳ ಸಾಲೇ ಸರ್ಕ್ಯೂಟ್. ಪ್ರತಿ ಗೇಟ್ ನೂರರಲ್ಲಿ ಒಮ್ಮೆ ತಪ್ಪುತ್ತದೆ ಎಂದುಕೊಳ್ಳೋಣ. ಆಗ 100 ಗೇಟ್‌ಗಳನ್ನು ತಪ್ಪಿಲ್ಲದೆ ದಾಟುವ ಸಾಧ್ಯತೆ ಸುಮಾರು 37%. 300 ಗೇಟ್‌ಗಳಾದರೆ ಬರೀ 5%. ಹಾಗಾಗಿ ಸರ್ಕ್ಯೂಟ್ ಚಿಕ್ಕದಾದಷ್ಟೂ ಒಳ್ಳೆಯದು.

ಮೆಟ್ರೋ ಉದಾಹರಣೆ

ಬನಶಂಕರಿಯಿಂದ ಬಿಟಿಎಂ ಲೇಔಟ್‌ಗೆ ಮೆಟ್ರೋದಲ್ಲಿ ಹೋಗಲು ಆರ್.ವಿ. ರೋಡ್‌ನಲ್ಲಿ ಇಳಿದು ಹಸಿರು ಮಾರ್ಗದಿಂದ ಹಳದಿ ಮಾರ್ಗಕ್ಕೆ ಬದಲಿಸಬೇಕು. ಇಂಡಸ್‌ನಂಥ ಸೂಪರ್‌ಕಂಡಕ್ಟಿಂಗ್ ಚಿಪ್‌ಗಳಲ್ಲೂ ಸಾಮಾನ್ಯವಾಗಿ ಹೀಗೆಯೇ: ಅಕ್ಕಪಕ್ಕದ ಕ್ಯೂಬಿಟ್‌ಗಳಷ್ಟೇ ನೇರವಾಗಿ ಜೊತೆಗೂಡುತ್ತವೆ. ದೂರದವನ್ನು ಸೇರಿಸಲು ‘ಸ್ವಾಪ್’ ಮಾಡಬೇಕು. ಒಂದು ಸ್ವಾಪ್‌ಗೆ ಸಾಮಾನ್ಯವಾಗಿ ಮೂರು ಗೇಟ್ ಖರ್ಚು. ಅಷ್ಟೂ ಹೆಚ್ಚುವರಿ ತಪ್ಪಿನ ಅವಕಾಶ.

ಆದ್ದರಿಂದ ತಜ್ಞರ ಸಾಫ್ಟ್‌ವೇರ್ ಮೂರು ಕೆಲಸ ಮಾಡುತ್ತದೆ:

1. ಪದೇ ಪದೇ ಜೊತೆಗೂಡುವ ಕ್ಯೂಬಿಟ್‌ಗಳನ್ನು ಮೊದಲೇ ಅಕ್ಕಪಕ್ಕ ಕೂರಿಸುತ್ತದೆ. ಆಫೀಸಿನ ಹತ್ತಿರವೇ ಮನೆ ಮಾಡಿದ ಹಾಗೆ.
2. ಒಂದನ್ನೊಂದು ರದ್ದು ಮಾಡುವ ಗೇಟ್‌ಗಳನ್ನು ತೆಗೆದುಹಾಕುತ್ತದೆ.
3. ಚಿಪ್‌ನ ಇತ್ತೀಚಿನ ಪರೀಕ್ಷೆಯಲ್ಲಿ ಕಡಿಮೆ ತಪ್ಪು ಮಾಡಿದ ಕ್ಯೂಬಿಟ್‌ಗಳನ್ನು ಆರಿಸುತ್ತದೆ.

ಇದರಿಂದ ತಪ್ಪು ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಾಗಾದರೆ ಭಯವೇ ಬೇಡವೇ?

ಆನ್‌ಲೈನ್ ವ್ಯವಹಾರದಲ್ಲಿ ವ್ಯಾಪಕವಾಗಿ ಬಳಸುವ ಆರ್‌ಎಸ್‌ಎ-2048 ಬೀಗ ಒಡೆಯಲು 2 ಕೋಟಿ ಕ್ಯೂಬಿಟ್ ಬೇಕೆಂದು 2019ರ ಅಂದಾಜು ಹೇಳಿತ್ತು. 2025ರಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕೆಳಗಿಳಿಸಿದರು. 25 ಎಲ್ಲಿ, 10 ಲಕ್ಷ ಎಲ್ಲಿ! ಆದರೆ ಲೆಕ್ಕದ ಜಾಣತನದಿಂದಲೇ ಅಂತರ ಇಷ್ಟು ಕುಗ್ಗಿದೆ ಎಂಬುದನ್ನು ಮರೆಯಬಾರದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಕ್ವಾಂಟಂ ದಾಳಿ ತಡೆಯುವ ಹೊಸ ಬೀಗಗಳ ಮಾನದಂಡ ಪ್ರಕಟಿಸಿದೆ. ಬ್ಯಾಂಕ್‌ಗಳು, ಸರ್ಕಾರಗಳು ಈಗಲೇ ಸಿದ್ಧವಾಗಬೇಕು.

ನಾವು ಹೇಳುವುದಿಷ್ಟು

ಇಂದು ನಿಮ್ಮ ಖಾತೆಗೆ ಕನ್ನ ಹಾಕುವುದು ಕ್ವಾಂಟಂ ಯಂತ್ರವಲ್ಲ. ಫೋನಿನಲ್ಲಿ ಓಟಿಪಿ ಕೇಳುವ ವಂಚಕ. ಓಟಿಪಿ ಯಾರಿಗೂ ಹೇಳಬೇಡಿ. ಆ ಫಾರ್ವರ್ಡ್ ಮತ್ತೆ ಬಂದರೆ, ‘ಎಷ್ಟು ಕ್ಯೂಬಿಟ್? ಎಷ್ಟು ತಪ್ಪು?’ ಎಂದು ಕೇಳಿ.