ಸಸಿಗೂ ದರ್ಜೆ ಬೇಕು

ನಿಪ್ಪಾಣಿಯಲ್ಲಿ ತಂಬಾಕನ್ನು ದರ್ಜೆ ನೋಡದೆ ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ. ಬೆಲ್ಲಕ್ಕೂ ಬಣ್ಣ ನೋಡಿಯೇ ದರ. ಆದರೆ ಶೇಡಬಾಳ, ಕಾಗವಾಡ, ಅಥಣಿ, ರಾಯಬಾಗ ಭಾಗದಲ್ಲಿ ಸಣ್ಣ ಉದ್ಯಮವಾಗಿ ಬೆಳೆದಿರುವ ಕಬ್ಬಿನ ಸಸಿಗಳ ಮಾರಾಟವು ಇಂದಿಗೂ ಬಹುಮಟ್ಟಿಗೆ ಎಣಿಕೆಯ ಮೇಲೆಯೇ ನಡೆದಿದೆ. ಈ ಪದ್ಧತಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

2009ರಲ್ಲಿ ಇಕ್ರಿಸ್ಯಾಟ್ ಮತ್ತು ಡಬ್ಲ್ಯುಡಬ್ಲ್ಯುಎಫ್ ಪ್ರಚಾರಕ್ಕೆ ತಂದ ಸುಸ್ಥಿರ ಕಬ್ಬು ಬೇಸಾಯದ ಪ್ರಕಾರ, ಹಳೆಯ ಪದ್ಧತಿಯಲ್ಲಿ ಎಕರೆಗೆ ಮೂರು ಕಣ್ಣಿನ 16,000 ತುಂಡುಗಳು, ಅಂದರೆ 48,000 ಕಣ್ಣುಗಳು ಬೇಕು. ಸಸಿಯಾದರೆ 5,000 ಸಾಕು. ಇದು ಉಳಿತಾಯವೂ ಹೌದು, ಹೊಣೆಯೂ ಹೌದು. 48,000ದಲ್ಲಿ ಕೆಲವು ಕಣ್ಣುಗಳು ಸತ್ತರೆ ಪಕ್ಕದ ಕಣ್ಣು ಜಾಗ ತುಂಬುತ್ತದೆ. 5,000ದಲ್ಲಿ ಸತ್ತ ಪ್ರತಿಯೊಂದು ಸಸಿಯ ಜಾಗವೂ ಬರಿದಾಗುತ್ತದೆ.

ಸಸಿಯ ಬೆಳವಣಿಗೆಗೆ ಒಂದು ಕ್ರಮವಿದೆ. ಮೊದಲು ಕಣ್ಣು ತನ್ನ ತುಂಡಿನಲ್ಲಿರುವ ಆಹಾರದಿಂದ ಮೊಳೆಯುತ್ತದೆ. ಬಳಿಕ ಸ್ವಂತ ಬೇರು ಬಿಟ್ಟು ವೇಗವಾಗಿ ಬೆಳೆಯುತ್ತದೆ. 25ರಿಂದ 35 ದಿನಗಳಲ್ಲಿ ನಾಟಿಗೆ ಸಿದ್ಧ. ಅದನ್ನು ಮೀರಿ ಟ್ರೇಯಲ್ಲಿಯೇ ಉಳಿದರೆ ಬೇರು ಸುತ್ತಿಕೊಳ್ಳುತ್ತದೆ. ಹೆಚ್ಚು ನೆರಳಿನಲ್ಲಿ ಒತ್ತಾಗಿ ಬೆಳೆದದ್ದು ಎತ್ತರವಾಗುತ್ತದೆ, ಕಾಂಡ ಮಾತ್ರ ಸೊರಗಿರುತ್ತದೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಎತ್ತರವೊಂದೇ.

ಈ ತೊಡಕನ್ನು ಅಮೆರಿಕದ ಅರಣ್ಯ ನರ್ಸರಿಗಳು ಹಿಂದೆಯೇ ಕಂಡುಕೊಂಡವು. 1960ರಲ್ಲಿ ಡಿಕ್ಸನ್ ಮತ್ತು ಸಂಗಡಿಗರು ಸ್ಪ್ರೂಸ್ ಹಾಗೂ ಪೈನ್ ಸಸಿಗಳಿಗಾಗಿ ಒಂದು ಸೂಚ್ಯಂಕ ರೂಪಿಸಿದರು. ಕಾಂಡದ ದಪ್ಪಕ್ಕೆ ಎತ್ತರವೆಷ್ಟು, ಬೇರಿನ ತೂಕಕ್ಕೆ ಮೇಲ್ಭಾಗದ ತೂಕವೆಷ್ಟು ಎಂಬ ಎರಡು ಅನುಪಾತಗಳನ್ನು ಕೂಡಿಸಿ, ಆ ಮೊತ್ತದಿಂದ ಸಸಿಯ ಒಟ್ಟು ಒಣ ತೂಕವನ್ನು ಭಾಗಿಸುವುದು ಅದರ ಕ್ರಮ. ಎಲೆ ಕತ್ತರಿಸಿ ಮಾರುವ ಕಬ್ಬಿಗೆ ಈ ಸೂತ್ರ ಹಾಗೆಯೇ ಅನ್ವಯಿಸದು; ತತ್ತ್ವ ಅನ್ವಯಿಸುತ್ತದೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಎತ್ತರವೆಂದರೆ ವಹಿವಾಟು, ಬೇರೆಂದರೆ ಬಂಡವಾಳ.

ಸಸಿಗೆ 2 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರಕ್ಕೆ ಹತ್ತು ಸತ್ತರೆ ಎಕರೆಗೆ ಕಾಣುವ ನಷ್ಟ 1,000 ರೂಪಾಯಿ. ಮರುನಾಟಿಯ ಕೂಲಿ, ಹಿಂದೆ ಬಿದ್ದ ಬೆಳೆ, ಕಡಿಮೆಯಾದ ಟನ್ನೇಜು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಕೊನೆಗೆ ಅದು ಗೊಬ್ಬರದಂಗಡಿಯ ಉದ್ರಿ ಖಾತೆಯಲ್ಲಿ ಬಾಕಿಯಾಗಿ ನಿಲ್ಲುತ್ತದೆ. ಆದ್ದರಿಂದ ಇದು ರೈತನೊಬ್ಬನ ಪ್ರಶ್ನೆಯಲ್ಲ.

ನರ್ಸರಿಯಲ್ಲಿ ಬೆಳೆದ ಸಸಿಯ ಆದಾಯವನ್ನು 2008ರ ಹಣಕಾಸು ಕಾಯ್ದೆಯು ಕೃಷಿ ಆದಾಯವೆಂದು ಪರಿಗಣಿಸಿತು. ಅಂದಮೇಲೆ ಲೆಕ್ಕವೇಕೆ ಎಂದು ಕೆಲವರು ಕೇಳುತ್ತಾರೆ. ಬೆಳೆದ ಸಸಿ ಬೇರೆ, ಕೊಂಡು ಮಾರಿದ ಸಸಿ ಬೇರೆ. ಎರಡನೆಯದರ ಲಾಭ ವ್ಯಾಪಾರದ ಆದಾಯವೇ. ದಾಖಲೆಯಿಲ್ಲದೆ ಈ ಭೇದವನ್ನು ತೋರಿಸುವುದು ಹೇಗೆ?

ಪ್ರತಿ ಬಿಲ್ಲಿನಲ್ಲಿ ತಳಿ, ಕಣ್ಣು ಕತ್ತರಿಸಿದ ದಿನಾಂಕ, ಸಸಿಯ ವಯಸ್ಸು ಹಾಗೂ ದರ್ಜೆ ಇರಲಿ. ಕಾಂಡ ಮತ್ತು ಬೇರು ನೋಡಿ ಎರಡು ದರ್ಜೆ, ಎರಡು ದರ ಸಾಕು. ಅದಕ್ಕೂ ಕೆಳಗಿನದನ್ನು ಅಗ್ಗಕ್ಕೆ ಮಾರದೆ ಗೊಬ್ಬರದ ಗುಂಡಿಗೆ ಹಾಕಬೇಕು. ಖರ್ಚು ಹೆಚ್ಚುತ್ತದೆ, ನಿಜ. ಆದರೆ ಆ ಖರ್ಚನ್ನು ಇಂದು ರೈತ ಗೊತ್ತಿಲ್ಲದೆ ಭರಿಸುತ್ತಿದ್ದಾನೆ. ನಾಳೆ ಗೊತ್ತಿದ್ದು ಒಳ್ಳೆಯ ಸಸಿಗೆ ಕೊಡುತ್ತಾನೆ. ಕಾನೂನಿನ ಒತ್ತಾಯ ಬರುವ ಮುನ್ನ ನರ್ಸರಿ ಮಾಲೀಕರೇ ಒಟ್ಟಾಗಿ ಈ ನಿಯಮ ಮಾಡಿಕೊಳ್ಳುವುದು ಉದ್ಯಮಕ್ಕೆ ಶ್ರೇಯಸ್ಕರ.