ಲಿನಕ್ಸ್ ಮಿಂಟ್: ಸುಲಭವೆಂದು ಹೇಳಬೇಕಾದವರಾರು?

ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಒದಗಿಸುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ ತರುವಾಯ ನಮ್ಮವರಲ್ಲಿ ಅನೇಕರಿಗೆ ಒಂದು ಚಿಂತೆ ಹತ್ತಿಕೊಂಡಿದೆ. ಹೋಟೆಲಿನ ಗಲ್ಲೆಯ ಬಳಿಯಲ್ಲೋ ಗುಮಾಸ್ತರ ಬಾಡಿಗೆ ಕೋಣೆಯ ಮೂಲೆಯಲ್ಲೋ ಇರುವ ಹಳೆಯ ಗಣಕಯಂತ್ರವು ಕೆಟ್ಟಿರುವುದಿಲ್ಲ; ಆದರೆ ವಿಂಡೋಸ್ 11 ಬೇಡುವ ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವಾಗಲಿ, ಹೊಸ ತಲೆಮಾರಿನ ಪ್ರೊಸೆಸರಾಗಲಿ ಅದರಲ್ಲಿಲ್ಲ. ಹೊಸದನ್ನು ಕೊಳ್ಳೋಣವೆಂದರೆ ಒಂದು ತಿಂಗಳ ಸಂಬಳ ಸಾಲದು. ಇಂತಹ ಹೊತ್ತಿನಲ್ಲಿ, “ಲಿನಕ್ಸ್ ಮಿಂಟ್ ಹಾಕಿಕೊಳ್ಳಿರಿ, ಹೊಸಬರಿಗೆ ಬಲು ಸುಲಭ, ಕಾಸೂ ಬೇಡ” ಎಂಬ ಉಪದೇಶವು ಕೇಳಿಬರುತ್ತಿದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸಿನ ಮೇಲೆ ಅನೇಕ ಕಾರ್ಯಾಚರಣ ವ್ಯವಸ್ಥೆಗಳು ಬೆಳೆದಿವೆ. 2004ರಲ್ಲಿ ಉಬುಂಟು ಬಂದಿತು. ಅದನ್ನೇ ಆಧರಿಸಿ 2006ರಲ್ಲಿ ಕ್ಲೆಮಾಂ ಲೆಫೆಬ್ರ್ ಎಂಬವರು ಮಿಂಟನ್ನು ಪ್ರಾರಂಭಿಸಿದರು. ಇದನ್ನು ಯಾರು ಬೇಕಾದರೂ ಪಡೆಯಬಹುದು, ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡಬಹುದು.

ಇದನ್ನು ಸುಲಭವೆಂದು ಹೊಗಳುವವರಾದರೋ, ಬಹುಮಟ್ಟಿಗೆ ಇಂತಹ ಹತ್ತಾರು ವ್ಯವಸ್ಥೆಗಳನ್ನು ಹಾಕಿ ತೆಗೆದು ಪಳಗಿದವರು. ಅರ್ಧ ಗಂಟೆಯಲ್ಲಿ ಸ್ಥಾಪನೆ ಮುಗಿಯಿತೆಂದು ಅವರು ಸಂತೋಷಪಡುತ್ತಾರೆ. ನಿತ್ಯ ಇನ್ನೂರು ದೋಸೆ ಹುಯ್ಯುವ ಭಟ್ಟರು, “ದೋಸೆ ಹುಯ್ಯುವುದೇನು ಮಹಾ?” ಎಂದು ಕೇಳಿದಂತಾಯಿತು ಇದು! ಸ್ಥಾಪನೆಯನ್ನು ಯಾರಿಂದಲಾದರೂ ಮಾಡಿಸಿಕೊಳ್ಳಬಹುದು. ಮರುದಿನ ಮುದ್ರಣಯಂತ್ರ ಮೌನ ತಾಳಿದರೆ ಹೊಸಬನು ಏನು ಮಾಡಬೇಕು? ಪರೀಕ್ಷೆಯು ಅಲ್ಲಿಂದ ಆರಂಭವಾಗತಕ್ಕದ್ದು.

ಮಿಂಟಿನ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು, ಯಂತ್ರದಲ್ಲಿರುವುದನ್ನು ಅಳಿಸಬೇಕಾಗಿಲ್ಲ. ಕೊಳ್ಳುವ ಮೊದಲು ರುಚಿ ನೋಡಲು ಕೊಡುವ ಈ ಔದಾರ್ಯ ಎಲ್ಲ ವರ್ತಕರಲ್ಲಿಯೂ ಇರುವುದಿಲ್ಲ. ಸಿನಮನ್ ಎಂಬ ಅದರ ಮುಖಪರದೆಯಲ್ಲಿ ಆರಂಭದ ಗುಂಡಿಯು ಕೆಳಗೆ ಎಡಗಡೆಯಲ್ಲಿದೆ. ವಿಂಡೋಸಿನಲ್ಲಿ ಪಳಗಿದ ಕೈ ತಡವರಿಸುವುದಿಲ್ಲ. ಪತ್ರ ಬರೆಯಲು, ಲೆಕ್ಕದ ಹಾಳೆ ತಯಾರಿಸಲು ಲಿಬ್ರೆ ಆಫೀಸ್ ಜೊತೆಯಲ್ಲೇ ಬರುತ್ತದೆ. 2 ಜಿ.ಬಿ. ಸ್ಮೃತಿ ಕನಿಷ್ಠ, ಹಿತವಾಗಿ ಕೆಲಸ ಮಾಡಲು 4 ಜಿ.ಬಿ. ಬೇಕು. ಪರಿಷ್ಕರಣವನ್ನು ಯಾವಾಗ ಹಾಕಬೇಕೆಂಬುದು ನಮ್ಮ ಕೈಯಲ್ಲಿದೆ. ಟೈಮ್‌ಶಿಫ್ಟ್ ಎಂಬ ಸಾಧನದಿಂದ, ಕೆಟ್ಟ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತಿರುಗಿಸಬಹುದು. ಆದರೆ ಅದು ತಾನಾಗಿ ಕಾಪಾಡುವುದು ವ್ಯವಸ್ಥೆಯನ್ನು ಮಾತ್ರ; ನಿಮ್ಮ ಪತ್ರಗಳನ್ನೂ ಮಕ್ಕಳ ಛಾಯಾಚಿತ್ರಗಳನ್ನೂ ನೀವೇ ಬೇರೆಡೆ ತೆಗೆದಿಡಬೇಕು. ಹೊಗಳುವವರು ಇದನ್ನು ಹೇಳಲು ಮರೆಯುತ್ತಾರೆ.

ಇನ್ನು ಕನ್ನಡದ ವಿಷಯ. ಕಗಪ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಯೂನಿಕೋಡಿನಲ್ಲಿ ಊರಿಗೆ ಕಾಗದ ಬರೆಯಲು ಅಡ್ಡಿಯಿಲ್ಲ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿ ಬರೆದಿಟ್ಟ ಲೆಕ್ಕಪತ್ರಗಳೂ ಸಂಘದ ವರದಿಗಳೂ, ಆ ಅಕ್ಷರಶೈಲಿಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತವೆ. ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೆ ಮಾತ್ರ ಮಿಂಟನ್ನು ನಾನು ಶಿಫಾರಸು ಮಾಡಲಾರೆ. ಟ್ಯಾಲಿ ರಚಿತವಾಗಿರುವುದು ವಿಂಡೋಸಿಗಾಗಿ. ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ಮೂಲಕ ಓಡಿಸಿ ನೋಡಿರೆಂದು ಹೇಳುವವರುಂಟು, ತಿಂಗಳ ಜಿ.ಎಸ್.ಟಿ. ಲೆಕ್ಕವನ್ನು ಅಂತಹ ಪ್ರಯೋಗಕ್ಕೆ ಒಪ್ಪಿಸತಕ್ಕದ್ದಲ್ಲ. ತಪ್ಪಿದರೆ ಮಾಲಿಕರಿಗೆ ಉತ್ತರ ಹೇಳಬೇಕಾದವನು ಗುಮಾಸ್ತನೇ ಹೊರತು ಉಪದೇಶ ಮಾಡಿದವನಲ್ಲ.

2016ರ ಫೆಬ್ರವರಿ 20ರಂದು ದುಷ್ಕರ್ಮಿಗಳು ಮಿಂಟಿನ ಜಾಲತಾಣಕ್ಕೇ ನುಗ್ಗಿ, ಕಳ್ಳಬಾಗಿಲಿರಿಸಿದ ಪ್ರತಿಯೊಂದನ್ನು ಜನರಿಗೆ ದೊರೆಯುವಂತೆ ಮಾಡಿದ್ದರು. ನಡೆಸುವವರು ತಡಮಾಡದೆ ಅದನ್ನು ಬಹಿರಂಗಪಡಿಸಿದ್ದು ಮೆಚ್ಚತಕ್ಕದ್ದೇ. ಇಳಿಸಿಕೊಂಡ ಪ್ರತಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ವಿಧಾನವೂ ಉಂಟು. ಆದರೆ ಹತ್ತು ಗಂಟೆ ದುಡಿದು ಬಂದ ಮಾಣಿಗೆ ಅದನ್ನು ಹೇಳಿಕೊಡುವವರು ಯಾರು?

ಕೇರಳದ ಸರಕಾರಿ ಶಾಲೆಗಳ ಮಕ್ಕಳು ಲಿನಕ್ಸಿನಲ್ಲಿಯೇ ಗಣಕಪಾಠ ಕಲಿಯುತ್ತಾರೆ. ಅವರೂ ಹೊಸಬರೇ; ಆದರೆ ಪಕ್ಕದಲ್ಲಿ ಮಾಸ್ತರಿದ್ದಾರೆ. ಒಂದು ಕಾಲದಲ್ಲಿ ಹೋಟೆಲ್ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದ ಮುಂಬಯಿಯ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಸಂಘಗಳು ಪರೀಕ್ಷಿಸಿದ ಒಂದು ಪೆನ್ ಡ್ರೈವನ್ನೂ, ಭಾನುವಾರ ಎರಡು ಗಂಟೆ ಕುಳಿತುಕೊಳ್ಳಬಲ್ಲ ಒಬ್ಬ ತರುಣನನ್ನೂ ಒದಗಿಸಲಿ. ಬಂದವರು ತಮ್ಮ ಯಂತ್ರದಲ್ಲೇ ಒಂದು ಕನ್ನಡ ಪತ್ರ ಬರೆದು, ಮುದ್ರಿಸಿ ನೋಡಲಿ. ಸುಲಭವೋ ಅಲ್ಲವೋ ಎಂಬುದನ್ನು ಅನಂತರ ಅವರೇ ಹೇಳಲಿ.