ಕೆಂಪು ಹುಳ ಕಂಡ್ರ ಮೊದ್ಲು ಮೂತಿ ನೋಡ್ರಿ, ಪಂಪು ಆಮ್ಯಾಲ

ಇವತ್ತು ಸ್ವಲ್ಪ ಉದ್ದ ಬರದೀನಿ, ಪುರುಸೊತ್ತಾದಾಗ ಓದ್ರಿ.

ಕಳೆದ ವಾರ ದೇವದುರ್ಗ ಕಡೆಯ ಗೆಳೆಯರೊಬ್ಬರು ಫೋಟೋ ಕಳಿಸಿದ್ರು. ಹತ್ತಿ ಎಲೆ ಮೇಲೆ ಒಂದು ಕೆಂಪು-ಕಪ್ಪು ಹುಳ. "ಕೆಂಪು ತಿಗಣಿ ಬಿದ್ದಾವ, ಯಾವ ಎಣ್ಣಿ ಹೊಡೀಲಿ?" ಅಂತ ಪ್ರಶ್ನೆ. ನಾನು ಕನ್ನಡಕ ಹುಡುಕಿ ಹಾಕ್ಕೊಳ್ಳೋದರೊಳಗೆ ಗುಂಪಿನಾಗ ಮೂರು ಮಂದಿ ಮೂರು ಎಣ್ಣಿ ಹೆಸರು ಹೇಳಿ ಮುಗಿಸಿದ್ರು. ಫೋಟೋ ಮೇಲಿಂದ ತೆಗೆದದ್ದು. ಮೇಲಿಂದ ನೋಡಿ ನನಗೂ ಖಾತ್ರಿ ಆಗಲಿಲ್ಲ. "ಹುಳಾನ್ನ ಕೈಲೆ ಮುಟ್ಟಬ್ಯಾಡ್ರಿ. ಪಕ್ಕದಿಂದ, ತಲಿ ಕಾಣೋ ಹಂಗ ಇನ್ನೊಂದು ತೆಗೀರಿ" ಅಂದೆ. ತೆಗೆದು ಕಳಿಸಿದ್ರು. ತಲೆಯ ಕೆಳಗೆ ಕುಡುಗೋಲಿನಂಗ ಬಾಗಿದ ದಪ್ಪ ಸೊಂಡಿಲು. ಹತ್ತಿ ತಿನ್ನೋ ಹುಳ ಅಲ್ಲ ಅದು, ಹತ್ತಿ ಹುಳಾನ್ನ ತಿನ್ನೋ ಹುಳ. ಪಂಪಿಗೆ ನೀರು ತುಂಬಿಟ್ಟಿದ್ರಂತ ಅವರು, ವಾಪಸ್ ಚೆಲ್ಲಿದ್ರು.

ಇದನ್ನ ಹೇಳಾಕ ನನಗ ಅಧಿಕಾರ ಐತಿ, ಯಾಕಂದ್ರ ಮೂರು ವರ್ಷದ ಹಿಂದ ನಾನು ನೀರು ಚೆಲ್ಲಲಿಲ್ಲ. ದೀಪಾವಳಿ ಮುಂದ ಹತ್ತಿ ಕಾಯಿ ಬಿರಿಯೋ ಹೊತ್ತು. ಬದುವಿನ ಕಡೆ ಸಾಲಿನಾಗ ಕೆಂಪು ಹುಳ ಓಡಾಡೋದು ಕಂಡು ಅಂಗಡಿಗೆ ಹೋಗಿ "ಕೆಂಪು ತಿಗಣಿ" ಅಂದೆ. ಅವರು ಕೊಟ್ರು, ನಾನು ಹೊಡದೆ. ಎಣ್ಣಿ, ಆಳು, ಪಂಪಿನ ಬಾಡಿಗಿ ಎಲ್ಲಾ ಕೂಡಿ 5,000 ರೂಪಾಯಿ ಹತ್ರ ಹೋತು. ಮರುದಿನ ಸಾಲಿನಾಗ ಸತ್ತು ಬಿದ್ದದ್ದನ್ನ ಮಗಳು ಹಾಳಿ ಮೇಲೆ ಆರಿಸಿ ತಂದಳು. ತಿರುಗಿಸಿ ನೋಡಿದ್ರ ಮುಕ್ಕಾಲು ಪಾಲು ಈ ಬಾಗಿದ ಸೊಂಡಿಲಿನವೇ. ಒಂದರ ಮೂತಿಯಾಗ ಇನ್ನೂ ಎಲೆ ತಿನ್ನೋ ಕೀಡೆ ಹಂಗೇ ಚುಚ್ಚಿಕೊಂಡಿತ್ತು. ಉಣ್ಣೋ ಹೊತ್ತಿನಾಗ ಕೊಂದಿದ್ದೆ. ಆ ವರ್ಷ ಕೀಡೆಗೆ ಅಂತ ಮತ್ತೆರಡು ಸಲ ಹೊಡೀಬೇಕಾತು. ಅದಕ್ಕೆ ಇದೇ ಕಾರಣ ಅಂತ ಹೇಳಲಾರೆ, ಆದ್ರ ಹೊಟ್ಟಿ ಉರಿದದ್ದು ಖರೆ.

ಇಂಗ್ಲಿಷಿನಾಗ ಇದಕ್ಕ ಅಸಾಸಿನ್ ಬಗ್ ಅಂತಾರ. ಕನ್ನಡದಾಗ ಹಂತಕ ತಿಗಣೆ ಅಂತ ಬರೀತಾರ. ನನ್ನ ಮಟ್ಟಿಗೆ ಈ ಹೆಸರೇ ಅದರ ಅರ್ಧ ಜೀವ ತೆಗದದ. ತಿಗಣಿ ಅಂದ ಕೂಡ್ಲೇ ನಮಗ ಹಾಸಿಗಿ ನೆನಪಾಗ್ತದ, ಚಪ್ಪಲಿ ಕೈಗೆ ಬರ್ತದ. ಜಗತ್ತಿನಾಗ ಈ ಕುಟುಂಬದ ಹುಳ ಸುಮಾರು 7,000 ಜಾತಿ ಅದಾವ, ಹೆಚ್ಚಿನವು ಬೇರೆ ಹುಳ ಹಿಡಿದು ಬದುಕೋವು. ನಮ್ಮ ಹೊಲದಾಗ ಹೆಚ್ಚಾಗಿ ಕಾಣೋವು ರೈನೊಕೋರಿಸ್ ಅನ್ನೋ ಕುಲದವು, ಅದರಾಗೂ ಮಾರ್ಜಿನೇಟಸ್, ಫಸಿಪಸ್ ಅನ್ನೋ ಎರಡು. ಎರಡರಾಗೂ ಕೆಂಪು-ಕಪ್ಪು ಬಣ್ಣ. ಮಾರ್ಜಿನೇಟಸ್‌ನಲ್ಲಂತೂ ಪೂರಾ ಕಪ್ಪು ಬೆನ್ನಿನವು, ಪೂರಾ ಕೆಂಪು ಬೆನ್ನಿನವು, ಎರಡೂ ಕಲಸಿದವು ಅಂತ ಮೂರು ನಮೂನಿ. ಅಂದ್ರ ಬಣ್ಣ ನಂಬಿ ಕೂತ್ರ ಒಂದೇ ಹುಳಾನ್ನ ಮೂರು ಹುಳ ಅಂತ ತಿಳೀತೀವಿ, ಇಲ್ಲಾ ಮೂರನ್ನೂ ಹತ್ತಿ ಕೆಂಪು ತಿಗಣಿ ಅಂತ ಕೊಲ್ಲತೀವಿ.

ಹತ್ತಿ ಕೆಂಪು ತಿಗಣಿಯ ಗುರುತು ಬೇರೆ. ಅದು ಗುಂಪಿನ ಹುಳ. ಬಿರಿದ ಕಾಯಿ ಮೇಲೆ ಸಣ್ಣವು ದೊಡ್ಡವು ಸಂತಿ ಕೂಡಿದಂಗ ಕೂತಿರ್ತಾವ, ದೊಡ್ಡವು ಬೆನ್ನಿಗೆ ಬೆನ್ನು ಅಂಟಿಕೊಂಡು ಜೋಡಿಯಾಗೇ ಎಳೆದಾಡ್ತಾವ. ತಲೆಯ ಹಿಂದ ಬಿಳಿ ಪಟ್ಟಿ, ಎರಡೂ ರೆಕ್ಕಿ ಮೇಲೆ ಒಂದೊಂದು ಕಪ್ಪು ಚುಕ್ಕಿ, ಹೊಟ್ಟೆ ಕೆಳಗ ಅಡ್ಡ ಬಿಳಿ ಗೆರೆ. ಸೊಂಡಿಲು ಸೂಜಿಯಂಗ ಸಪೂರ, ನೆಟ್ಟಗೆ ಎದೆಗೆ ಅಂಟಿ ಮಲಗಿರ್ತದ. ಬೀಜದ ರಸ ಹೀರ್ತದ, ಅರಳಿಗೆ ಕಲೆ ಬೀಳ್ತದ. ಮನೆ ಹಿತ್ತಲದಾಗ ಬೆಂಡಿ, ದಾಸವಾಳ ಇದ್ರ ಅಲ್ಲೂ ಬರ್ತದ.

ಹಂತಕ ಒಂಟಿ. ಉದ್ದನ್ನ ಸಣ್ಣ ತಲೆ, ಅದರ ಹಿಂದ ಹಿಂಡಿದಂಗ ಕುತ್ತಿಗಿ, ಉಬ್ಬಿದ ಎರಡು ಕಣ್ಣು. ಹೊಟ್ಟೆಯ ಅಂಚು ರೆಕ್ಕೆಯ ಎರಡೂ ಬದಿ ಹೊರಗ ಚಾಚಿರ್ತದ. ನಡಿಗಿ ಬೆಕ್ಕಿಂದು, ಎರಡು ಹೆಜ್ಜಿ ಇಟ್ಟು ನಿಲ್ತದ. ಸೊಂಡಿಲು ಚುಚ್ಚಿ ಒಳಗ ವಿಷದ ಜೊಲ್ಲು ಬಿಡ್ತದ, ಕೀಡೆಯ ಒಳಗಿನದು ಕರಗಿ ನೀರಾಗ್ತದ, ಅದನ್ನ ಹೀರಿ ಸಿಪ್ಪಿ ಬಿಸಾಕ್ತದ. ನಮ್ಮ ಹಸಿರು ಕಾಯಿಕೊರಕ, ಎಲೆ ತಿನ್ನೋ ಕೀಡೆ, ಅಷ್ಟ್ಯಾಕ ಆ ಹತ್ತಿ ಕೆಂಪು ತಿಗಣಿ ಸೈತ ಇದರ ಊಟ. ಮೊಟ್ಟಿ ಎಲೆಯ ತಳದಾಗ ಕಂದು ಬಣ್ಣದ ಸಣ್ಣ ಕೊಳವಿ ನಿಲ್ಲಿಸಿ ಒತ್ತಾಗಿ ಅಂಟಿಸಿದಂಗ, ಒಂದೊಂದಕ್ಕೂ ಬಿಳಿ ಮುಚ್ಚಳ. ಅಂಥಾ ಎಲೆ ಕಂಡ್ರ ಕಿತ್ತು ಸುಡಬ್ಯಾಡ್ರಿ.

ಒಂದು ತೊಡಕು ಐತಿ, ಮುಚ್ಚಿಡೋದಿಲ್ಲ. ಆಂಟಿಲೋಕಸ್ ಅಂತ ಇನ್ನೊಂದು ಕೆಂಪು ಹುಳ ಅದ. ಅದು ಹತ್ತಿ ಕೆಂಪು ತಿಗಣಿಯ ಸಂಬಂಧಿಕನೇ, ಸೊಂಡಿಲೂ ಬಾಗಿಲ್ಲ, ಆದ್ರ ತಿನ್ನೋದು ತನ್ನ ಆ ಸಂಬಂಧಿಕನ್ನೇ. ಹಿಂಗಾಗಿ ಮೂತಿ ಒಂದೇ ನೋಡಿದ್ರ ಸಾಲದು, ಎರಡು ನಿಮಿಷ ನಿಂತು ಅದು ಏನು ಮಾಡ್ತದ ಅಂತಾನೂ ನೋಡ್ಬೇಕು.

ಇನ್ನ ಮನೆ ವಿಷಯ. ರಾಯಚೂರು ನಗರದಾಗ ನಮ್ಮ ಅಕ್ಕನ ಮನೆ, ಹಳೇ ಕಲ್ಲಿನ ಗೋಡಿ. ಹೋದ ಮಳೆಗಾಲ ಒಂದು ರಾತ್ರಿ ಫೋನ್ ಬಂತು: "ಗ್ವಾಡಿ ಮ್ಯಾಲ ಕಸ ನಡಿಯಾಕತ್ತೈತಿ." ನಕ್ಕೆ. ಹೋಗಿ ನೋಡಿದ್ರ ಖರೇನೇ ಮಣ್ಣಿನ ಉಂಡಿ ನಡೀತಿತ್ತು, ಬೆನ್ನ ಮೇಲೆ ಸತ್ತ ಇರುವೆಗಳ ರಾಶಿ. ಅಕಾಂಥಾಸ್ಪಿಸ್ ಅನ್ನೋ ಕುಲದ ಹಂತಕನ ಮರಿ ಅದು. ತಿಂದ ಇರುವೆಗಳ ಸಿಪ್ಪಿ, ಧೂಳು ಎಲ್ಲಾ ಬೆನ್ನಿಗೆ ಹೇರಿಕೊಂಡು ವೇಷ ಹಾಕ್ತದ, ಹಲ್ಲಿಗೆ ಗುರುತು ಸಿಗಬಾರದು ಅಂತ. ಹಗಲುವೇಷದವರಿಗಿಂತ ಚಲೋ ವೇಷ. ಹಾಳಿಯಿಂದ ತಳ್ಳಿ ಡಬ್ಬಿಗೆ ಹಾಕಿ ಹಿತ್ತಲಕ್ಕ ಬಿಟ್ಟೆ. ಅಕ್ಕನಿಗೆ ಇವತ್ತಿಗೂ ಸಮಾಧಾನ ಇಲ್ಲ.

ಅಕ್ಕನ ಹೆದರಿಕಿಗೆ ಕಾರಣ ಫೋನಿಗೆ ಬರೋ ಆ ಸುದ್ದಿ. "ಈ ಹುಳ ಮುತ್ತು ಕೊಟ್ರ ಸಾವು" ಅಂತ ಫೋಟೋ ಸಮೇತ ತಿರುಗ್ತದಲ್ಲ, ಅದು ದಕ್ಷಿಣ ಅಮೆರಿಕದ ಕಥಿ. ಅಲ್ಲಿ ಈ ಕುಟುಂಬದ ಕೆಲವು ರಕ್ತ ಕುಡಿಯೋ ಹುಳದಿಂದ ಚಾಗಾಸ್ ಅನ್ನೋ ರೋಗ ಹರಡ್ತದ, 1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಚಾಗಾಸ್ ಅನ್ನೋ ವೈದ್ಯರು ಪತ್ತೆ ಮಾಡಿದ್ದು. ರಕ್ತ ಕುಡಿಯೋ ಟ್ರೈಯಟೋಮಾ ಜಾತಿಯ ಒಂದು ಹುಳ ನಮ್ಮ ದೇಶದಾಗೂ ಐತಿ. ಕಂದು-ಕಪ್ಪು ಮೈ, ಅಂಚಿಗೆ ಕೆಂಪು ಗೆರೆ. ಆದ್ರ ಅಲ್ಲಿನಂಗ ಚಾಗಾಸ್ ರೋಗ ಇಲ್ಲಿ ಹುಳದಿಂದ ಹರಡೋದಿಲ್ಲ. ಅದರ ಸೊಂಡಿಲೂ ಸಪೂರ, ನೆಟ್ಟಗೆ ತಲೆಯ ಕೆಳಗೆ ಮಲಗಿರ್ತದ. ಇಲ್ಲೂ ಪಕ್ಕದ ಫೋಟೋನೇ ಉತ್ತರ ಹೇಳ್ತದ.

ಹಂಗಂತ ಹಂತಕ ಸಾಧು ಅಲ್ಲ. ಕೈಯಾಗ ಹಿಡಿದ್ರ, ಅಂಗಿಯೊಳಗ ಸಿಕ್ಕಿಬಿದ್ರ ಚುಚ್ಚತದ. ಚೇಳಿನ ಉರಿ ಅಂದ್ರೂ ನಡೀತದ. ನನಗ ಒಮ್ಮೆ ತೊಗರಿ ಸಾಲಿನಾಗ ಹೆಬ್ಬೆರಳಿಗೆ ಚುಚ್ಚಿ ಅರ್ಧ ದಿನ ಉರೀತು. ಸಬಕಾರ ಹಾಕಿ ತೊಳೆದು ತಣ್ಣೀರ ಬಟ್ಟಿ ಇಡ್ರಿ. ಮೈಯೆಲ್ಲಾ ದದ್ದು ಎದ್ರ, ಉಸಿರು ಕಟ್ಟಿದಂಗಾದ್ರ ತಡ ಮಾಡದೆ ದವಾಖಾನಿಗೆ ಹೋಗ್ರಿ. ಮಕ್ಕಳಿಗೆ "ನೋಡು, ಮುಟ್ಟಬ್ಯಾಡ" ಅಂತ ಕಲಿಸ್ರಿ. ಇದಕ್ಕ ನಮ್ಮವರು ಪರರವರು ಅನ್ನೋ ಭೇದನೂ ಇಲ್ಲ. ಜೇನುಹುಳ ಸಿಕ್ಕರೂ ಹಿಡೀತದ, ಗುಲಗಂಜಿ ಹುಳಾನೂ ಬಿಡೋದಿಲ್ಲ.

"ಒಂದು ಹುಳ ಎಷ್ಟು ತಿಂತದ, ನಮ್ಮದು ಐದೆಕರೆ" ಅಂತ ಮಾನ್ವಿ ಗೆಳೆಯರು ಕೇಳ್ತಾರ. ಕೇಳೋದು ಸರಿ. ಕಾಯಿಯೊಳಗ ಕೂತ ಗುಲಾಬಿ ಕಾಯಿಕೊರಕ ಇದರ ಸೊಂಡಿಲಿಗೆ ಸಿಗೋದಿಲ್ಲ. 2021ರಾಗ ನಮ್ಮ ಮೆಣಸಿನಕಾಯಿ ಹೂವೆಲ್ಲಾ ತಿಂದ ಕಪ್ಪು ನುಸಿಗೂ ಇದು ಮದ್ದಲ್ಲ. ಟ್ರೈಕೋ ಕಾರ್ಡಿನಂಗ ಅಂಗಡಿಯಿಂದ ತಂದು ಬಿಡೋದೂ ಸುಲಭ ಇಲ್ಲ. ತಮಿಳುನಾಡಿನ ಪಾಳಯಂಕೋಟ್ಟೈ ಕಾಲೇಜಿನ ಡನ್‌ಸ್ಟನ್ ಆಂಬ್ರೋಸ್ ಅನ್ನೋ ಪ್ರಾಧ್ಯಾಪಕರು ವರ್ಷಗಟ್ಟಲೆ ಇವನ್ನೇ ಅಭ್ಯಾಸ ಮಾಡಿ 1999ರಾಗ ದೊಡ್ಡ ಪುಸ್ತಕನೇ ಬರೆದ್ರು. ಸಾಕೋದ್ರಾಗ ಇರೋ ದೊಡ್ಡ ಕಿರಿಕಿರಿ ಅಂದ್ರ ಒಟ್ಟಿಗೆ ಇಟ್ರ ಒಂದನ್ನೊಂದು ತಿಂತಾವ. ಮರಿ ಐದು ಸಲ ಪೊರೆ ಬಿಟ್ಟ ಮೇಲೇ ರೆಕ್ಕಿ. ಹಿಂಗಾಗಿ ಒಮ್ಮೆ ಹೊಡೆದು ಕೊಂದ್ರ ಆ ಹಂಗಾಮಿನಾಗ ಮತ್ತ ತುಂಬೋದು ಕಷ್ಟ. ಕೀಡೆಗೆ ಆ ಕಷ್ಟ ಇಲ್ಲ, ಅದು ಬೇಗ ಬೆಳೀತದ. ನನ್ನ ತಕರಾರು ಇಷ್ಟೇ: ಪುಕ್ಕಟೆ ಬಂದ ಆಳನ್ನ ರೊಕ್ಕ ಕೊಟ್ಟು ಕೊಲ್ಲೋದ್ಯಾಕ?

ನಾನು ಈಗ ಮಾಡೋದು ಹೇಳ್ತೀನಿ. ಗುಲಾಬಿ ಹುಳದ ಸಲುವಾಗಿ ಹತ್ತಿ ಕಟಿಗಿ ಹೊಲದಾಗ ಇಡೋದಿಲ್ಲ, ಅದು ಹೋಗ್ಲೇಬೇಕು. ಆದ್ರ ಬದುವಿನ ಹುಲ್ಲು ಸುಡೋದು ಬಿಟ್ಟೀನಿ. ಮೂಲಿಯಾಗಿನ ಕಲ್ಲಿನ ಗುಪ್ಪಿ ಹಂಗೇ ಬಿಟ್ಟೀನಿ, ಎತ್ತಿ ನೋಡಿದ್ರ ಕೆಳಗ ಎರಡಾದ್ರೂ ಇರ್ತಾವ. ಕೆಂಪು ತಿಗಣಿ ನಿಜವಾಗೇ ಗುಂಪು ಕಟ್ಟಿದ್ರ ಬಕೀಟಿನಾಗ ಸಬಕಾರ ನೀರು ಹಿಡಿದು ಗಿಡ ಅಲುಗಾಡಿಸ್ತೀನಿ, ದೊಪ್ಪನೆ ಬೀಳ್ತಾವ. ಪಂಪು ಕೊನೀಗೆ.

ಫೋಟೋ ಕಳಿಸೋರು ಎರಡು ಕಳಿಸ್ರಿ, ಒಂದು ಮೇಲಿಂದ, ಒಂದು ಪಕ್ಕದಿಂದ. ಪಕ್ಕದ ಫೋಟೋ ಇಲ್ಲದೆ ಎಣ್ಣಿ ಹೆಸರು ಹೇಳೋರ ಮಾತು ಕೇಳಬ್ಯಾಡ್ರಿ, ಅದನ್ನ ನಾನೇ ಹೇಳಿದ್ರೂ. ನಮ್ಮ ಬದುವಿನ ನುಗ್ಗಿ ಗಿಡದಾಗ ಮೊನ್ನೆ ಬಿಳಿ ಮುಚ್ಚಳದ ಒಂದು ಮೊಟ್ಟಿ ಗೊಂಚಲು ಸಿಕ್ಕದ. ಕೊಂಬಿಗೆ ಕೆಂಪು ದಾರ ಕಟ್ಟಿ ಬಂದೀನಿ. ಮರಿ ಹೊರಬಿದ್ದ ದಿನ ಬರೀತೀನಿ.